ನಲ್ಲಿಯ ಪಕ್ಕದ ಚಪ್ಪಲಿ

ವಾರಕ್ಕೆರಡು ದಿನ, ಬುಧವಾರ ಮತ್ತು ಶನಿವಾರ, ಆ ಬೀದಿಯ ಕೊನೇ ಮನೆಯ ಸೊಸೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಳು. ತರಕಾರಿ ಗಾಡಿಯವನು ಕೂಗಿದರೆ ಹಾಗೇ ಎತ್ತರ ತಗ್ಗು ಹೆಜ್ಜೆ ಹಾಕುತ್ತ ಗೇಟಿಗೆ ಬರುವಳು. ಅಂಚೆಯವನಿಗೆ ಸಹಿ ಹಾಕಿಕೊಡುವಾಗ ಬರಿಗಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಿಕೊಳ್ಳುವಳು. ಎದುರು ಮನೆಯ ದರ್ಜಿ ಅವಳಿಗೆ ‘ಒಂಟಿಚಪ್ಪಲಿ’ ಎಂದು ಹೆಸರಿಟ್ಟು, ಇನ್ನೊಂದು ಕಾಲಿನದು ಅಂಗಡಿಯವನು ಇನ್ನೂ ಕೊಟ್ಟಿಲ್ಲವೇನೋ ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ಇನ್ನೊಂದು ಚಪ್ಪಲಿ ನಲ್ಲಿಯ ಬುಡದಲ್ಲಿರುತ್ತಿತ್ತು. ಅದು ಮಾವ ಮಾಡಿದ ಕಟ್ಟಳೆ. ಹಿತ್ತಲಿನ ಕೊಳಕ್ಕೆ ನೀರು ಬಿಡಲು ಯಾರು ನಲ್ಲಿ ತಿರುಗಿಸುತ್ತಾರೋ ಅವರು ಒಂದು ಚಪ್ಪಲಿ ಕಳಚಿ ಅಲ್ಲೇ ಬಿಡಬೇಕು. ನಲ್ಲಿ ನಿಲ್ಲಿಸಿದ ಮೇಲೇ ಅದನ್ನು ಮತ್ತೆ ಮೆಟ್ಟಬೇಕು. ಬೆರಳಿಗೆ ದಾರ ಕಟ್ಟಿಕೊಂಡರೆ ದಾರವೇ ಮರೆತುಹೋಗುತ್ತದೆ, ಗಡಿಯಾರದ ಗಂಟೆ ಮಗುವಿನ ಅಳುವಿನಲ್ಲಿ ಮುಳುಗಿಹೋಗುತ್ತದೆ, ಆದರೆ ತಣ್ಣನೆಯ ನೆಲ ಬರಿಗಾಲನ್ನು ಸುಮ್ಮನಿರಲು ಬಿಡುವುದಿಲ್ಲ ಎಂಬುದು ಅವರ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಎಂಟು ತಿಂಗಳಲ್ಲಿ ಒಂದು ಸಲವೂ ಅವಳು ನಲ್ಲಿ ಮರೆತಿರಲಿಲ್ಲ.

ಮಾವ ಮೂವತ್ತೊಂದು ವರ್ಷ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಪಂಪು ನಡೆಸಿದವರು. ಊರವರೆಲ್ಲ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಿದ್ದು ಅವರ ಕೈ. ಕೆಲಸ ಬಿಟ್ಟ ಮೇಲೆ ಹಿತ್ತಲಲ್ಲಿ ಕೊಳ ಕಟ್ಟಿಸಿ ಕೋಯ್ ಮೀನು ತಂದು ಬಿಟ್ಟರು. ಬೆರಳುದ್ದ ಬಂದವು ಈಗ ಮೊಳದುದ್ದ ಬೆಳೆದು, ಒಂಬತ್ತು ಮೀನು, ಬಿಳಿ ಕೆಂಪು ಹಳದಿ ಕಪ್ಪು, ನೀರಿನಲ್ಲಿ ಯಾರೋ ಬಣ್ಣದ ಬಟ್ಟೆ ಜಾಲಿಸಿದ ಹಾಗೆ ಸುಳಿದಾಡುತ್ತಿದ್ದವು. ನಲ್ಲಿ ನೀರಿನ ಕ್ಲೋರಿನ್ ಆ ಮೀನುಗಳಿಗೆ ವಿಷ, ಕಿವಿರನ್ನು ಸುಟ್ಟುಹಾಕುತ್ತದೆ. ಅದನ್ನು ಕಳೆಯಲು ನೀರು ಬಿಡುವ ಮುಂಚೆ ಅಳತೆ ಮಾಡಿ ಹೈಪೋ ಹರಳು ಕರಗಿಸಿ ಹಾಕಬೇಕು. ಜೀವಮಾನವೆಲ್ಲ ಬೆರೆಸಿದ್ದನ್ನು ಈಗ ಕೂತು ಬೇರ್ಪಡಿಸುತ್ತಿದ್ದೀನಿ ಎಂದು ಮಾವ ತಮಾಷೆ ಮಾಡುತ್ತಿದ್ದರು.

ಎಂಟು ತಿಂಗಳ ಹಿಂದೆ ಅದೇ ಕೊಳದ ಅಂಚಿನ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಕೈಗೆ ವಾಕರ್ ಬಂತು. ಮನೆಯೊಳಗೆ ಹೇಗೋ ತಿರುಗಾಡುತ್ತಿದ್ದರು. ಹಿಂದಿನ ವರಾಂಡದಿಂದ ಹಿತ್ತಲಿಗೆ ಇಳಿಯುವ ಮೂರು ಮೆಟ್ಟಿಲು ಮಾತ್ರ ಅವರ ಪಾಲಿಗೆ ಬೆಟ್ಟವಾಯಿತು. ಆಗ ಸೊಸೆಗೆ ಆರು ತಿಂಗಳ ಕೂಸು. ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ, ಬಾಣಂತನದ ರಜೆಯಲ್ಲಿದ್ದಳು.

‘ಹೇಗೂ ಮನೇಲೇ ಇರ್ತೀಯಲ್ಲ,’ ಎಂದ ಗಂಡ.

ಆ ಮಾತು ಅವನು ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದೂವರೆಯವರೆಗೆ ನಿಂತು ದುಡಿಯುವವನು, ಮೀನು ನೋಡು ಎಂದರೆ ಯಾವಾಗ ನೋಡಿಯಾನು? ಆದರೆ ‘ಹೇಗೂ ಮನೇಲೇ’ ಎಂಬ ಆ ಎರಡು ಪದ ಬಾಗಿಲಿಗೆ ಜಡಿದ ಅಗುಳಿಯಂತೆ ಉಳಿದುಬಿಟ್ಟವು. ಅಂದಿನಿಂದ ಕೂಸಿನ ಹಾಲು, ಮಾವನ ಮಾತ್ರೆ, ಮೀನಿನ ನೀರು, ಮೂರೂ ಒಂದೇ ಕೈಗೆ ಬಂದವು.

ಓದಿದ ಹುಡುಗಿ, ಬೇಗ ಕಲಿತಳು. ನೀರನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಔಷಧಿಯ ಹನಿ ಬಿಟ್ಟು ಅಲ್ಲಾಡಿಸಬೇಕು. ಹಳದಿ ನಿಂತರೆ ಸರಿ, ಹಸಿರಿಗೆ ತಿರುಗಿದರೆ ಅಮೋನಿಯಾ ಏರಿದೆ ಎಂದರ್ಥ. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳು ಹಾಕಬೇಕು. ಯಾವ ಮೀನಾದರೂ ತಳಕ್ಕೆ ಮೈ ಉಜ್ಜುತ್ತಿದ್ದರೆ ಚರ್ಮಕ್ಕೆ ಹುಳ ಹತ್ತಿದೆ, ರೆಕ್ಕೆ ಮೈಗೆ ಅಂಟಿಸಿಕೊಂಡು ಮೂಲೆ ಹಿಡಿದಿದ್ದರೆ ಒಳಗೇನೋ ಸರಿಯಿಲ್ಲ. ಇದೆಲ್ಲ ಅವಳಿಗೆ ಗೊತ್ತಾಯಿತು. ಮೀನುಗಳಿಗೆ ಮಾವ ಇಟ್ಟಿದ್ದ ಹೆಸರುಗಳೂ ಬಾಯಿಗೆ ಬಂದವು. ತಲೆಯ ಮೇಲೆ ಕೆಂಪು ಬೊಟ್ಟಿನದು ಟೊಪ್ಪಿ, ಬಿಳಿ ಮೈಗೆ ಕಪ್ಪು ಚೆಲ್ಲಿದಂತಿರುವುದು ಶಾಯಿ, ಎಲ್ಲರನ್ನೂ ತಳ್ಳಿ ಮೊದಲು ತಿನ್ನುವ ಹಳದಿಯದು ಮೇಷ್ಟ್ರು.

ಕಲಿಯಲಾಗದೇ ಹೋದದ್ದು ಹೆದರದೇ ಇರುವುದನ್ನು. ಮಗು ಅಂಬೆಗಾಲಿಟ್ಟ ದಿನದಿಂದ ಆ ಕೊಳ ಅವಳ ಕನಸಿಗೆ ಬರತೊಡಗಿತು. ಸೊಂಟದಷ್ಟು ಆಳದ ನೀರು, ಮಗುವಿಗೆ ಅದು ಸಮುದ್ರವೇ. ವರಾಂಡದ ಮೆಟ್ಟಿಲ ತಲೆಗೆ ಮರದ ಗೇಟು ಹಾಕಿಸಿದಳು, ಚಿಲಕ ತನ್ನ ಎದೆಯೆತ್ತರಕ್ಕೆ. ಕೊಳದ ಮೇಲೆ ಬಲೆ ಬಿಗಿದಳು. ಆದರೂ ದಿನಕ್ಕೆ ಹತ್ತು ಸಲ ಚಿಲಕ ಎಳೆದು ನೋಡುವಳು. ಗೇಟು ಒಂದು, ತಡೆದದ್ದು ಇಬ್ಬರನ್ನು. ಒಳಗಡೆ ಒಂದು ಕಡೆ ಗುಬ್ಬಿ, ಎಂದರೆ ಮಗಳು, ಅದರ ಸರಳು ಹಿಡಿದು ನಿಲ್ಲುತ್ತಿದ್ದಳು. ಇನ್ನೊಂದು ಕಡೆ ತಾತ ವಾಕರ್ ಹಿಡಿದು. ಇಬ್ಬರೂ ಆಸೆಗಣ್ಣಿಂದ ಕೊಳವನ್ನೇ ನೋಡುವವರು.

ಮಾವನ ಕೋಣೆಯ ಕಿಟಕಿ ಹಿತ್ತಲಿಗೆ ತೆರೆದುಕೊಂಡಿತ್ತು. ಗಾಜಿಗೆ ಊರುಗೋಲಿನ ತುದಿಯಿಂದ ತಟ್ಟುವುದು ಅವರ ಭಾಷೆ. ಒಂದು ತಟ್ಟಿದರೆ ಬಲೆ ಸರಿದಿದೆ. ಎರಡಾದರೆ ಕಾಳು ಜಾಸ್ತಿಯಾಯಿತು. ಎಡೆಬಿಡದೆ ತಟ್ಟಿದರೆ ಯಾವುದೋ ಮೀನು ಅವರಿಗೆ ಸರಿ ಕಾಣಿಸುತ್ತಿಲ್ಲ, ಹೋಗಿ ನೋಡು. ಅವಳು ಬಟ್ಟೆ ಒಣಹಾಕುತ್ತಿರಲಿ, ಮಗುವಿಗೆ ಉಣಿಸುತ್ತಿರಲಿ, ಸ್ನಾನದ ಮನೆಯಲ್ಲಿರಲಿ, ಟಕ್ ಟಕ್. ಬೆನ್ನುಮೂಳೆಯ ಮೇಲೇ ಯಾರೋ ತಟ್ಟಿದ ಹಾಗಾಗುತ್ತಿತ್ತು. ತವರಿನಿಂದ ಅಕ್ಕ ಫೋನ್ ಮಾಡಿ, ಏನೇ, ಎರಡು ದಿನ ಬಂದು ಇದ್ದು ಹೋಗೇ ಎಂದರೆ, ನೀರು ಯಾರು ನೋಡ್ತಾರೆ ಎನ್ನುವಳು. ನಿನ್ನ ಮದುವೆ ಮಾಡಿಕೊಟ್ಟದ್ದು ಮನುಷ್ಯರ ಮನೆಗೋ ಮೀನಿನ ಮನೆಗೋ ಎಂದು ಅಕ್ಕ ಛೇಡಿಸಿದರೆ ನಗು ಬರುತ್ತಿತ್ತು, ಫೋನ್ ಇಟ್ಟ ಮೇಲೆ ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಕರೆ ಬಂದದ್ದು ಒಂದು ಸೋಮವಾರ. ಔಷಧಾಲಯದ ಮುಖ್ಯಸ್ಥೆ ನೇರ ಮಾತಿನ ಹೆಂಗಸು. ಹೆಚ್ಚಿಗೆ ಕೊಟ್ಟ ರಜೆಯೂ ಮುಗಿಯಿತು, ಬರುವ ಸೋಮವಾರ ಎಂಟೂವರೆಗೆ ಕೌಂಟರಿನಲ್ಲಿ ನಿಂತಿದ್ದರೆ ಕೆಲಸ ನಿನ್ನದು, ಇಲ್ಲದಿದ್ದರೆ ಪಟ್ಟಿಯಲ್ಲಿ ನಿನ್ನ ಹಿಂದೆ ಇರುವವಳದು ಎಂದರು. ಮಗುವಿಗೆ ತೊಂದರೆಯಿರಲಿಲ್ಲ, ಆಸ್ಪತ್ರೆಯಲ್ಲೇ ಸಿಬ್ಬಂದಿಯ ಮಕ್ಕಳ ಕೋಣೆಯಿತ್ತು. ಮಾವನಿಗೆ ಊಟ ಡಬ್ಬಿಯಲ್ಲಿಟ್ಟರೆ ಸಾಕಿತ್ತು. ಉಳಿದದ್ದು ಒಂಬತ್ತು ಮೀನು. ಗಂಡನ ಹತ್ತಿರ ಹೇಳಿಕೊಂಡಳು. ‘ಅಪ್ಪನಿಗೆ ನೀನೇ ಹೇಳು. ನಿನ್ನ ಮಾತಾದ್ರೆ ಕೇಳ್ತಾರೆ,’ ಎಂದು ಅವನು ಬೂಟಿನ ದಾರ ಕಟ್ಟಿಕೊಂಡ. ಸೋಮವಾರ ಹೇಳಲಿಲ್ಲ. ಮಂಗಳವಾರವೂ ಬಾಯಿ ಬರಲಿಲ್ಲ. ಮಾವನಿಗೆ ತಟ್ಟೆಯಿಡುವಾಗ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಒಣಗಿಹೋಯಿತು.

ಬುಧವಾರ ಬೆಳಿಗ್ಗೆ ಅದು ಬೇರೆ ಮಾತಾಗಿ ಹೊರಬಿತ್ತು. ಕೊಳದ ಐದರಲ್ಲೊಂದು ಪಾಲು ನೀರು ತೆಗೆದಿದ್ದಳು. ಹಿಂದಿನ ದಿನ ಬೀದಿಯ ಕೊಳವೆ ತೊಳೆದಿದ್ದರಿಂದ ನಲ್ಲಿ ನೀರು ಘಾಟು ಹೊಡೆಯುತ್ತಿತ್ತು. ಇಂಥ ದಿನ ಘಟಕದವರು ಕ್ಲೋರಿನ್ ಧಾರಾಳ ಸುರಿಯುತ್ತಾರೆ, ಹೈಪೋ ಒಂದೂವರೆ ಪಟ್ಟು ಹಾಕು ಎಂದು ಮಾವ ಮೊದಲೇ ಎಚ್ಚರಿಸಿದ್ದರು. ಹಾಕಿದ್ದಳು, ತೂಕ ಮಾಡಿ. ಆದರೂ ಕಿಟಕಿ ತಟ್ಟಿತು. ನಲ್ಲಿ ತಿರುಗಿಸಲು ಬಗ್ಗಿದಾಗ ಮತ್ತೆ. ಚಪ್ಪಲಿ ಬಿಟ್ಟು ಬಂದಾಗ ಮತ್ತೆ. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು.

‘ಮಾವ, ದಯವಿಟ್ಟು ಇವತ್ತೊಂದಿನ ತಟ್ಟಬೇಡಿ. ನನ್ನ ಕೆಲಸ ನನಗೆ ಗೊತ್ತಿದೆ.’

ಮಾವ ಊರುಗೋಲನ್ನು ಮಂಚದ ಮೇಲೆ ಮಲಗಿಸಿ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡರು, ಶಾಲೆಯಲ್ಲಿ ಬೈಸಿಕೊಂಡ ಹುಡುಗನ ಹಾಗೆ.

ನೀರು ತುಂಬಲು ಅರ್ಧ ಗಂಟೆ ಬೇಕು. ನಲ್ಲಿ ವರಾಂಡದೊಳಗೆ, ಬಟ್ಟೆ ಒಗೆಯುವ ಯಂತ್ರದ ಹಿಂದೆ. ಅಲ್ಲಿಂದ ಪೈಪು ಗೇಟಿನ ಕೆಳಗೆ ನುಸುಳಿ ಕೊಳಕ್ಕೆ ಇಳಿದಿತ್ತು. ಜಿಗಿದು ಹೊರಬಾರದಿರಲೆಂದು ಅದರ ತುದಿಯನ್ನು ಇಟ್ಟಿಗೆಗೆ ಕಟ್ಟಿ ಮುಳುಗಿಸಿದ್ದರಿಂದ ಸದ್ದೂ ಇರಲಿಲ್ಲ. ಯಂತ್ರ ಗುರುಗುಟ್ಟುತ್ತಿತ್ತು. ಅವಳು ನೆಲದ ಮೇಲೆ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದಾಗ ಗುಬ್ಬಿ ಯಂತ್ರದ ಹಿಂದಿನಿಂದ ತಟಪಟ ನಡೆದು ಬಂದಳು. ನಡೆಯಲು ಕಲಿತು ಒಂದೇ ತಿಂಗಳು. ಎರಡೂ ಕೈಯಲ್ಲಿ ಚಪ್ಪಲಿಯನ್ನು ದೊಡ್ಡ ಉಡುಗೊರೆಯಂತೆ ಎತ್ತಿ ಹಿಡಿದಿದ್ದಳು. ಬಂದವಳು ಅಮ್ಮನ ಬರಿಗಾಲನ್ನು ನೋಡಿ, ಬಗ್ಗಿ, ಆ ಕಾಲಿನ ಮೇಲೆ ಚಪ್ಪಲಿಯನ್ನು ತಲೆಕೆಳಗಾಗಿ ಇಟ್ಟು, ‘ಆಕು’ ಎಂದಳು.

ಅದು ಮಗಳು ಆಡಿದ ಎರಡನೆಯ ಮಾತು. ಮೊದಲನೆಯದು ‘ತಾತ’.

ಅವಳಿಗೆ ಎದೆ ತುಂಬಿ ಬಂತು. ಇನ್ನೊಂದು ಸಲ ಹೇಳು ಬಂಗಾರ ಎಂದು ಮುದ್ದಿಸಿದಳು. ಮಗು ಇನ್ನೊಂದು ಸಲ ಹೇಳಿತು. ತಾಯಿ ಚಪ್ಪಲಿ ಹಾಕಿಕೊಂಡಳು. ಮಗಳು ತೊಡಿಸಿದ ಚಪ್ಪಲಿಯನ್ನು ಹಾಕಿಕೊಳ್ಳದೆ ಇರುವ ತಾಯಿ ಯಾರು? ಎರಡು ಕಾಲಿಗೂ ಚಪ್ಪಲಿ ಬಂದ ಕೂಡಲೇ ನಲ್ಲಿ ಅವಳ ತಲೆಯಿಂದ ಅಳಿಸಿಹೋಯಿತು. ಎಂಟು ತಿಂಗಳಿಂದ ನೆನಪಿಡುವ ಕೆಲಸವನ್ನು ಅವಳ ತಲೆ ಕಾಲಿಗೆ ವಹಿಸಿ ನಿಶ್ಚಿಂತವಾಗಿತ್ತು. ಕಾಲು ಈಗ ಬೆಚ್ಚಗಿತ್ತು.

ಯಂತ್ರ ನಿಂತಿತು. ಬಟ್ಟೆ ಹೊತ್ತು ಹಿತ್ತಲಿಗಿಳಿದು ಹಗ್ಗಕ್ಕೆ ಹಾಕಿ, ಎರಡೂ ಚಪ್ಪಲಿಯಲ್ಲಿ ಪಟಪಟನೆ ಮೆಟ್ಟಿಲು ಹತ್ತಿ, ಚಿಲಕ ಹಾಕಿ, ಎಳೆದು ನೋಡಿ ಒಳಗೆ ಹೋದಳು.

ಮುಂದಿನ ಕೋಣೆಯಲ್ಲಿ ಬಹಳ ಹೊತ್ತು ಅಳೆದು ಸುರಿದು, ಕಡೆಗೂ ಧೈರ್ಯ ಮಾಡಿ ಮುಖ್ಯಸ್ಥೆಗೆ ಫೋನ್ ಹಚ್ಚಿದಳು. ಮನೆಯ ಕಷ್ಟ ಹೇಳಿಕೊಂಡಳು. ಮೀನು ಎಂದು ಹೇಳಲು ನಾಚಿಕೆಯಾಗಿ ಮಾವನಿಗೆ ಆರೋಗ್ಯ ಸರಿಯಿಲ್ಲ ಎಂದಳು. ಇನ್ನೊಂದು ವಾರ ಸಮಯ ಬೇಡಿದಳು. ಆ ಕಡೆಯಿಂದ ಬಂದ ಉತ್ತರ ಚಿಕ್ಕದು, ಸೋಮವಾರವೆಂದರೆ ಸೋಮವಾರ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಟಕ್ ಟಕ್ ಟಕ್ ಶುರುವಾಯಿತು. ಅವಳಿಗೆ ಕೇಳಿಸಿತು. ನೋಡು, ಒಂದು ಗಂಟೆ ಸುಮ್ಮನಿರೋಕೆ ಆಗಲ್ಲ ಇವರಿಗೆ ಎಂದುಕೊಂಡಳು. ಹಟ ಬಂತು. ಫೋನ್ ಇಟ್ಟು ಮಗುವಿಗೆ ಗಂಜಿ ಕಲಸಿದಳು. ತಟ್ಟುವುದು ಜೋರಾಯಿತು. ಒಂದೊಂದು ಚಮಚವನ್ನೂ ನಿಧಾನವಾಗಿ ಉಣಿಸಿದಳು, ಬೇಕೆಂದೇ.

ಆಮೇಲೆ ಸದ್ದು ನಿಂತುಹೋಯಿತು.

ಎಂಟು ತಿಂಗಳು ಸದ್ದಿಗೆ ಸಿಡುಕಿದವಳು ಈಗ ಸದ್ದಿಲ್ಲದ್ದಕ್ಕೆ ಬೆಚ್ಚಿದಳು. ಬಿದ್ದರೇ? ಮಗುವನ್ನೆತ್ತಿಕೊಂಡು ಓಡಿದಳು. ಮಾವ ಬಿದ್ದಿರಲಿಲ್ಲ. ಕಿಟಕಿಯ ಗಾಜಿಗೆ ಹಣೆ ಆನಿಸಿ ನಿಂತಿದ್ದರು. ತಿರುಗದೆಯೇ ‘ನಲ್ಲಿ’ ಎಂದರು.

ಗುಬ್ಬಿಯನ್ನು ಅವರ ಮಂಚದ ಮೇಲೆ ಕೂರಿಸಿ ಹಿತ್ತಲಿಗೆ ಹಾರಿದಳು. ಕೊಳ ತುಂಬಿ, ಹೆಚ್ಚಿನ ನೀರು ಹೋಗುವ ಕಿಂಡಿಯಿಂದ ಧಾರೆ ಸುರಿದು ಗಿಡಗಳ ಬುಡವೆಲ್ಲ ಕೆಸರಾಗಿತ್ತು. ಸುಮಾರು ಎರಡು ಗಂಟೆ ಹರಿದಿದೆ. ಒಂಬತ್ತು ಬಾಯಿ ನೀರಿನ ಮೇಲಿದ್ದವು, ಬಲೆಗೆ ಮುತ್ತಿಡುವಂತೆ ತೆರೆಯುತ್ತ ಮುಚ್ಚುತ್ತ. ಟೊಪ್ಪಿ ಒಂದು ಪಕ್ಕಕ್ಕೆ ವಾಲಿತ್ತು. ಕಿವಿರ ಅಂಚುಗಳು ಕೆಂಪಗೆ ಉರಿದಂತಿದ್ದವು.

ಅವಳು ನಿಂತಳು.

ಎಷ್ಟು ಹೊತ್ತು ಎಂದು ಆಮೇಲೆ ಅವಳಿಗೆ ಹೇಳಲಾಗಲಿಲ್ಲ. ಮೂರು ಉಸಿರಿರಬಹುದು, ಐದಿರಬಹುದು. ಕೈಗೆ ಏನು ಮಾಡಬೇಕೆಂದು ಗೊತ್ತಿತ್ತು, ಕೈ ಏಳಲಿಲ್ಲ. ಇವು ಹೋದರೆ ಸೋಮವಾರ ನಾನೂ ಹೋಗಬಹುದು. ಹೀಗೆ ಮಾತಿನಲ್ಲಿ ಅವಳು ಯೋಚಿಸಲಿಲ್ಲ. ಕೌಂಟರಿನ ತಣ್ಣನೆಯ ಕಲ್ಲು, ಸಾಲಾಗಿ ಜೋಡಿಸಿದ ಔಷಧಿ ಡಬ್ಬಿಗಳು, ತನ್ನ ಬಿಳಿ ಕೋಟು, ಇಷ್ಟೇ ಕಣ್ಣ ಮುಂದೆ ಬಂದು ಹೋಯಿತು. ಆಮೇಲೆ ಮೇಷ್ಟ್ರು ಕಾಳಿಗೆ ಬರುವ ಹಾಗೆಯೇ ಅವಳ ಕಡೆಗೆ ತೇಲಿ ಬಂದು ಬಾಯಿ ತೆರೆಯಿತು. ಅವಳು ಓಡಿ ನಲ್ಲಿ ತಿರುಚಿದಳು.

ಹೈಪೋ ಡಬ್ಬಿ ಮಗುವಿಗೆ ಸಿಗದಂತೆ ವರಾಂಡದ ಕಪಾಟಿನ ಮೇಲಿತ್ತು. ಇಳಿಸಿ, ತಕ್ಕಡಿ ತೆಗೆದು, ಹರಳು ಸುರಿಯತೊಡಗಿದಳು. ಎಷ್ಟು ನೀರು ಬಂದಿದೆ, ಎಷ್ಟು ಹೊರಗೆ ಹೋಗಿದೆ, ಲೆಕ್ಕ ಕೂಡುತ್ತಲೇ ಇರಲಿಲ್ಲ. ಬೆನ್ನ ಹಿಂದೆ ಚಿಲಕ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಮಾವ ಗೇಟು ತೆಗೆದು, ಮೆಟ್ಟಿಲ ತಲೆಯಲ್ಲಿ ಕೂತುಬಿಟ್ಟಿದ್ದಾರೆ. ಮಡಿಲಲ್ಲಿ ಗುಬ್ಬಿ. ವಾಕರ್ ಪಕ್ಕದಲ್ಲಿ ಅಡ್ಡ ಬಿದ್ದಿದೆ.

‘ಔಷಧಿ ಅಂಗಡಿ ಮಾಡ್ಬೇಡ, ತಾಯಿ. ಹೈಪೋ ಜಾಸ್ತಿ ಆದ್ರೆ ಮೀನು ಸಾಯಲ್ಲ, ಕಡಿಮೆ ಆದ್ರೆ ಸಾಯುತ್ತೆ. ಮೂರು ಹಿಡಿ ಬಕೆಟ್‌ಗೆ ಹಾಕು, ಕಲಕು, ಸುರಿ.’

ತೂಕ ಮಾಡದೆ ಏನನ್ನೂ ಯಾರಿಗೂ ಕೊಡಬಾರದೆಂದು ನಾಲ್ಕು ವರ್ಷ ಓದಿದವಳು ಮೂರು ಹಿಡಿ ಹಾಕಿದಳು, ಕಲಕಿದಳು, ಸುರಿದಳು. ಅತ್ತ ಮಾವ ಕೂತಲ್ಲಿಂದಲೇ ಎರಡು ಕೈ ಊರಿ ಒಂದು ಮೆಟ್ಟಿಲು ಜಾರಿದರು. ಮಗು ಆಟವೆಂದುಕೊಂಡು ಕೇಕೆ ಹಾಕಿತು. ಎರಡನೆಯ ಮೆಟ್ಟಿಲು. ನೋವಿಗೆ ಅವರ ತುಟಿ ಬಿಳಿಚಿತು. ಮೂರನೆಯದಕ್ಕೆ ಇಳಿದು, ನೆಲದ ಮೇಲೆ ತೆವಳಿಕೊಂಡೇ ಕೊಳದ ಅಂಚಿಗೆ ಬಂದರು. ನಿಲ್ಲಲಾರದ ಮುದುಕನ ಮಡಿಲಲ್ಲಿ ತನ್ನ ಮಗು, ನೀರಿನಿಂದ ಒಂದು ಗೇಣು ದೂರದಲ್ಲಿ. ಅವಳು ಬಕೆಟ್ಟು ಬಿಟ್ಟು ಆ ಕಡೆಗೆ ತಿರುಗಿದಳು.

‘ಮಗು ಗಟ್ಟಿ ಹಿಡ್ಕೊಂಡಿದ್ದೀನಿ. ನೀನು ಕೊಳದ ಪಂಪಿನ ಕೊಳವೆ ಮೇಲಕ್ಕೆತ್ತು, ನೀರು ಎತ್ತರದಿಂದ ಬೀಳ್ಲಿ. ಗಾಳಿ ಬೇಕು ಅವಕ್ಕೆ.’

ಎತ್ತಿ ಕಟ್ಟಿದಳು. ಬಕೆಟ್ಟಿನಿಂದ ಮೊಗೆದು ಮೊಗೆದು ಸುರಿದಳು. ಟೊಪ್ಪಿಯನ್ನು ಎರಡು ಅಂಗೈ ಮೇಲೆ ಹಿಡಿದು, ನೆಟ್ಟಗೆ ನಿಲ್ಲಿಸಿ, ಬೀಳುವ ನೀರಿಗೆ ಬಾಯಿ ಒಡ್ಡಿ ಹಿಡಿದಳು. ಅರ್ಧ ಗಂಟೆಯ ಮೇಲೆ ಬಾಯಿಗಳು ಒಂದೊಂದಾಗಿ ನೀರಿನೊಳಗೆ ಇಳಿದವು. ಮಾವ ಎಣಿಸಿದರು. ಒಂಬತ್ತು. ಮತ್ತೆ ಎಣಿಸಿದರು.

ಆಮೇಲೆ ಇಬ್ಬರಿಗೂ ಹೊಳೆಯಿತು, ಇಳಿದವರು ಹತ್ತುವುದು ಹೇಗೆ ಎಂದು. ಅವಳೊಬ್ಬಳಿಂದ ಎತ್ತಲಾಗದು. ಮಗ ಬರುವವರೆಗೆ ಇಲ್ಲೇ ನನ್ನ ಠಿಕಾಣಿ ಎಂದರು ಮಾವ. ಕುರ್ಚಿ ತಂದು, ಹೇಗೋ ಏರಿಸಿ ಕೂರಿಸಿ, ತಲೆಯ ಮೇಲೆ ಕೊಡೆ ಕಟ್ಟಿದಳು. ಹಿತ್ತಲ ಮೂಲೆಯಲ್ಲೇ ಕಕ್ಕಸು ಇದ್ದದ್ದು ಪುಣ್ಯ, ವಾಕರ್ ಹಿಡಿದು ಹತ್ತು ಹೆಜ್ಜೆ. ಎಂಟು ತಿಂಗಳ ಮೇಲೆ ಮೀನಿನ ಬಳಿ ಕೂತ ಮುದುಕ ನೀರಿಗೆ ಬೆರಳಿಳಿಸಿದರು. ಶಾಯಿ ಬಂದು ಬೆರಳು ಮುಟ್ಟಿ ನೋಡಿ ಹೋಯಿತು.

ಮಗು ನಿದ್ದೆ ಹೋದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತಳು. ಅವಳೇ ಮೊದಲು ಗುಬ್ಬಿ ಚಪ್ಪಲಿ ತಂದುಕೊಟ್ಟದ್ದನ್ನು ಹೇಳಿದಳು.

‘ಗೊತ್ತು,’ ಎಂದರು ಮಾವ. ‘ನೀನು ಬಟ್ಟೆ ಒಣಹಾಕೋಕೆ ಬಂದಾಗ ಎರಡೂ ಕಾಲಲ್ಲಿ ಚಪ್ಪಲಿ ಇತ್ತು. ಪೈಪು ಇನ್ನೂ ಉಬ್ಬಿಕೊಂಡಿತ್ತು. ಎರಡೂ ನೋಡ್ದೆ.’

‘ಆಗಲೇ ತಟ್ಟಬಹುದಿತ್ತಲ್ಲ, ಮಾವ.’

‘ತಟ್ಟಬೇಡಿ ಅಂದಿದ್ದೆಯಲ್ಲ. ನೋಡೋಣ, ಇವಳಿಗೆ ಎಷ್ಟು ಗೊತ್ತಿದೆ ಅಂತ ಕೂತೆ. ಮುಕ್ಕಾಲು ಗಂಟೆ ಹಾಗೇ ಕೂತೆ, ಮುದಿ ಕೋಪ. ಆಮೇಲೆ ತಟ್ಟಿದ್ರೆ ನೀನು ಬರ್ಲಿಲ್ಲ.’

‘ಕೇಳಿಸ್ತಿತ್ತು,’ ಎಂದಳು ಅವಳು. ಅಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕಾಯಿತು. ‘ಬಂದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.’

‘ಅದನ್ನೂ ನೋಡ್ದೆ.’ ಮಾವ ನೀರನ್ನೇ ನೋಡುತ್ತಿದ್ದರು. ‘ನಿನ್ನ ಫೋನಿನ ಮಾತೂ ಕೇಳ್ತು. ಸೋಮವಾರ ಅಂತಲ್ಲ? ನನ್ನ ಆರೋಗ್ಯಕ್ಕೆ ಏನಾಗಿದೆ, ಮೀನು ಅಂತಾನೇ ಹೇಳ್ಬಾರದಿತ್ತಾ.’

ಅವಳು ಎದ್ದು ಮಾವನ ತಲೆಯ ಮೇಲಿನ ಕೊಡೆಯನ್ನು ಬಿಸಿಲಿಗೆ ಅಡ್ಡವಾಗಿ ತಿರುಗಿಸಿ ಕಟ್ಟಿದಳು.

ಆದರೆ ಅವಳ ಪಾಲಿನ ಬಲೆ ಬಿಗಿದದ್ದು ಈಗಲೇ. ಕೊಳದ ನೀರು ಸೋಸುವ ಪೀಪಾಯಿಯೊಳಗೆ, ಬ್ರಷ್ಷುಗಳ ಮೇಲೆ ಲೋಳೆಯಂತೆ ಬೆಳೆದಿರುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸನ್ನು ತಿಂದು ಕೊಳವನ್ನು ಕಾಯುತ್ತವೆ. ಕ್ಲೋರಿನ್ನಿಗೆ ಅವು ಸತ್ತಿದ್ದವು. ಹೊಸದಾಗಿ ಬೆಳೆಯಲು ಮೂರು ವಾರ. ಅಲ್ಲಿಯವರೆಗೆ ಅಮೋನಿಯಾ ಏರುತ್ತಲೇ ಇರುತ್ತದೆ, ದಿನಾ ಎರಡು ಸಲ ನೀರು ನೋಡಬೇಕು, ನಳಿಗೆ ಹಸಿರಾದಾಗಲೆಲ್ಲ ನೀರು ಬದಲಿಸಬೇಕು. ವಾರಕ್ಕೆ ಎರಡು ದಿನದ ಚಪ್ಪಲಿ ಈಗ ದಿನದಿನದ್ದಾಯಿತು. ಮೀನು ಸತ್ತಿದ್ದರೆ ಅವಳು ಬಿಡುಗಡೆಯಾಗುತ್ತಿದ್ದಳು. ಉಳಿಸಿಕೊಂಡದ್ದರಿಂದಲೇ ಕಟ್ಟಿಬಿದ್ದಳು. ಗುರುವಾರ ನಳಿಗೆ ಹಸಿರಾಯಿತು. ಶುಕ್ರವಾರ ಇನ್ನೂ ಗಾಢ. ಶನಿವಾರ ಬೆಳಿಗ್ಗೆ ಟೊಪ್ಪಿ ಬಲೆಯ ಕೆಳಗೆ ಬೆಳ್ಳಗೆ ತೇಲುತ್ತಿತ್ತು. ಗಂಡ ಅದನ್ನು ಗಿಡದ ಬುಡದಲ್ಲಿ ಹೂತ. ಮಾವ ಕಿಟಕಿಯಿಂದ ನೋಡಿದರು, ತಟ್ಟಲಿಲ್ಲ.

ಆ ಮಧ್ಯಾಹ್ನ ಅವಳು ಮುಖ್ಯಸ್ಥೆಗೆ ಬರುವುದಿಲ್ಲವೆಂದು ಹೇಳಿಬಿಡಲು ಫೋನ್ ಕೈಗೆತ್ತಿಕೊಂಡಳು. ವಾಕರ್ ತಳ್ಳಿಕೊಂಡು ಮಾವ ಬಾಗಿಲಿಗೆ ಬಂದರು.

‘ಇಡು ಅದನ್ನ. ನಲ್ಲಿ ಹತ್ರ ಇಷ್ಟು ದಿನ ಚಪ್ಪಲಿ ಇಡ್ತಿದ್ದೆ. ಇನ್ಮೇಲೆ ನನ್ನನ್ನೇ ಇಟ್ಟು ಹೋಗು.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆಗದು ಎಂದಳು. ಮಳೆ ಬಂದರೆ? ಬಿಸಿಲಿಗೆ ತಲೆ ಸುತ್ತಿದರೆ? ಬಿದ್ದರೆ ಯಾರು ಎತ್ತುತ್ತಾರೆ? ಬೆಳಿಗ್ಗೆ ಏಳಕ್ಕೆ ಮಗ ಇಳಿಸಿದರೆ ಮತ್ತೆ ಹತ್ತಿಸುವುದು ಸಂಜೆ ಆರಕ್ಕೇ. ಹನ್ನೊಂದು ಗಂಟೆ ಆ ಹಿತ್ತಲಲ್ಲಿ ಸಿಕ್ಕಿಹಾಕಿಕೊಂಡಿರಬೇಕು.

‘ನೀನು ಎಂಟು ತಿಂಗಳು ಇರಲಿಲ್ವಾ,’ ಎಂದರು ಮಾವ.

ಭಾನುವಾರ ಗಂಡ ಪೈಪನ್ನು ಎಳೆದು ಕೊಳದ ಅಂಚಿಗೇ ಒಂದು ನಲ್ಲಿ ಕೂರಿಸಿದ. ಪಕ್ಕದಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಕೈಯಿರುವ ಕುರ್ಚಿ. ಕಕ್ಕಸಿನವರೆಗೆ ಹಿಡಿದುಕೊಳ್ಳಲು ಕಂಬಿ. ಎದುರು ಮನೆಯ ದರ್ಜಿ ಬಂದು ನೋಡಿ, ಯಜಮಾನರಿಗೆ ಮತ್ತೆ ಡ್ಯೂಟಿ ಹಾಕಿಬಿಟ್ಟರಲ್ಲಪ್ಪ ಎಂದ. ಆದರೂ ಹನ್ನೆರಡಕ್ಕೊಮ್ಮೆ ಮೂರಕ್ಕೊಮ್ಮೆ ಬಂದು ಹಿತ್ತಲ ಗೋಡೆಯ ಮೇಲಿಂದ ಇಣುಕುವುದಾಗಿ ಅವನೇ ಒಪ್ಪಿಕೊಂಡ.

ಸೋಮವಾರ ಎಂಟೂವರೆಗೆ ಅವಳು ಕೌಂಟರಿನಲ್ಲಿ ನಿಂತಿದ್ದಳು. ಗುಬ್ಬಿ ಕೆಳಗಿನ ಮಕ್ಕಳ ಕೋಣೆಯಲ್ಲಿ ಎರಡು ನಿಮಿಷ ಅತ್ತು, ಯಾರದೋ ಬೂಟು ಹಿಡಿದುಕೊಂಡು ಸುಮ್ಮನಾಗಿದ್ದಳು. ಚೀಟಿಗಳು ಬರುತ್ತಿದ್ದವು. ಮಾತ್ರೆ ಎಣಿಸುವಾಗ ಕೈ ತನ್ನ ಹಳೆಯ ಓಟ ಹಿಡಿಯಿತು, ತಲೆ ಹಿಡಿಯಲಿಲ್ಲ. ತಲೆ ಹಿತ್ತಲಲ್ಲಿತ್ತು. ಕುರ್ಚಿಯ ಕಾಲು ಕೆಸರಿಗೆ ಇಳಿದಿದ್ದರೆ? ಫೋನು ನೀರಿಗೆ ಬಿದ್ದಿದ್ದರೆ? ಊಟದ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಬಿಟ್ಟೆನೋ ಏನೋ. ಚಿಲಕ. ಇವತ್ತು ಚಿಲಕ ಎಳೆದು ನೋಡಲಿಲ್ಲ. ಆಮೇಲೆ ಮಗು ಇಲ್ಲೇ ಇದೆಯಲ್ಲ ಎಂದು ನೆನಪಾಯಿತು, ಆದರೂ ಚಿಲಕ.

ಹತ್ತೂಮುಕ್ಕಾಲಿಗೆ ಮಾವನ ಕರೆ. ‘ಹಸಿರು ಬಂದಿದೆ. ಹೈಪೋ ಹಾಕ್ದೆ, ತೂಕ ಮಾಡಿ, ಬೈಬೇಡ. ನೀರು ಬಿಟ್ಟಿದ್ದೀನಿ,’ ಎಂದಷ್ಟೇ ಹೇಳಿ ಇಟ್ಟರು.

ಅರ್ಧ ಗಂಟೆ ಬೇಕು ನೀರಿಗೆ. ಅವಳು ಚೀಟಿ ಓದಿದಳು, ಡಬ್ಬಿ ಇಳಿಸಿದಳು, ಊಟಕ್ಕೆ ಮುಂಚೆ ಒಂದು, ಮಲಗುವಾಗ ಒಂದು ಎಂದು ತಿಳಿಸಿ ಹೇಳಿದಳು. ಗೋಡೆಯ ಗಡಿಯಾರ ಹನ್ನೊಂದೂಕಾಲು ದಾಟಿತು. ಇಪ್ಪತ್ತು. ಇಪ್ಪತ್ತೈದು. ಎಡಗಾಲಿಗೆ ಏನೋ ಚಳಿ ಹತ್ತಿದಂತಾಗಿ ಬಗ್ಗಿ ನೋಡಿದಳು. ಕೌಂಟರಿನ ಕೆಳಗೆ ಬೂಟು ಒಂದು ಕಡೆ ಬಿದ್ದಿತ್ತು. ಯಾವಾಗ ಕಳಚಿದಳೋ ಅವಳಿಗೇ ತಿಳಿಯದು. ಬರಿಗಾಲು ಕಲ್ಲಿನ ಮೇಲಿತ್ತು. ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಹಾಗೇ ನಿಂತು ಮುಂದಿನ ಚೀಟಿಗೆ ಕೈ ಚಾಚಿದಳು.

ಹನ್ನೊಂದು ಇಪ್ಪತ್ತೆಂಟಕ್ಕೆ ಫೋನು ನಡುಗಿತು.

‘ನಿಲ್ಲಿಸ್ದೆ. ಎಂಟೂ ಕೆಳಗಿವೆ,’ ಎಂದರು ಮಾವ. ಫೋನ್ ಇಡುವ ಮುಂಚೆ, ‘ಹಾಕ್ಕೋ ಇನ್ನು,’ ಎಂದರು.